ಇನ್ನೊಂದು ಸಲ ಕೆರೆದರೆ

ಆ ಮೇ ತಿಂಗಳಲ್ಲಿ ವೇಲ್ಸಿನಲ್ಲಿ ಚುನಾವಣೆ ನಡೆಯಿತು, ಎರಡು ಕಡೆ ಹೊಳೆ ಉಕ್ಕಿತು. ಆದರೆ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ ಅವೆರಡೂ ಅಲ್ಲ. ನೆರಿಸ್ ಪ್ರಾಬರ್ಟ್‌ಗೆ ಒಂದು ಒಳ್ಳೆಯ ರೀಡ್ ಸಿಕ್ಕಿತು.

ಸಿಕ್ಕಿತು ಅನ್ನುವುದೂ ತಪ್ಪೇ. ಓಬೋ ಎಂಬ ಊದುವ ವಾದ್ಯ ನುಡಿಸುವವರು ತುಟಿಗಿಡುವ ರೀಡನ್ನು ತಾವೇ ಮಾಡಿಕೊಳ್ಳಬೇಕು: ಜೊಂಡಿನ ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು, ದಾರ ಸುತ್ತಿ, ಚಾಕುವಿನಿಂದ ಕೆರೆದು ಕೆರೆದು ಕಾಗದದಷ್ಟು ತೆಳ್ಳಗೆ ಮಾಡಬೇಕು. ಸಂಗೀತದ ಪದವಿಗೆಂದು ವಿಶ್ವವಿದ್ಯಾಲಯ ಸೇರಿದ್ದ ನೆರಿಸ್, ಈ ಎರಡು ವರ್ಷದಲ್ಲಿ ಓಬೋ ನುಡಿಸಿದ್ದಕ್ಕಿಂತ ಬಡಗಿ ಕೆಲಸ ಮಾಡಿದ್ದೇ ಹೆಚ್ಚು. ಅವಳು ಮಾಡಿದ ರೀಡುಗಳಲ್ಲಿ ಬಹುಪಾಲು ಬಾತುಕೋಳಿಯಂತೆ ಕೂಗುತ್ತಿದ್ದವು. ಇದೊಂದು ಹಾಡಿತು.

ಪಕ್ಕದ ಕೋಣೆಯಿಂದ ಬಸೂನ್ ನುಡಿಸುವ ಗೆಥಿನ್ ಬಂದು ಬಾಗಿಲಲ್ಲಿ ನಿಂತ.

"ಏನೇ, ಬಾತುಕೋಳಿ ತೀರ್ಕೊಂಡ್ತಾ?"

"ಬಾಯ್ಮುಚ್ಕೊಂಡು ಇನ್ನೊಂದ್ಸಲ ಕೇಳು."

ಕೇಳಿದ. ಆಮೇಲೆ ಒಳಗೆ ಬಂದು ನೆಲದ ಮೇಲೆ ಕುಳಿತು, ಮತ್ತೊಂದು ಸಲ ಊದು ಎಂದ.

ಎರಡನೆಯ ವರ್ಷದ ಕೊನೆಗೆ ವಾದನದ ಪರೀಕ್ಷೆ. ಅದರಲ್ಲಿ ಅರವತ್ತು ಬಂದರೆ ಮೂರನೆಯ ವರ್ಷ ವಾದನವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದು. ಬರದಿದ್ದರೆ ಗ್ರಂಥಾಲಯದಲ್ಲಿ ಕುಳಿತು ಪ್ರಬಂಧ ಬರೆಯಬೇಕು. ಸಂಗೀತದ ಬಗ್ಗೆ ಬರೆಯುವುದೇನೂ ಕೀಳಲ್ಲವೆಂದು ವಿಭಾಗದಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವಾಗ ಅವರ ದನಿ ಮಾತ್ರ ಸಾವಿನ ಮನೆಗೆ ಬಂದವರಂತೆ ತಗ್ಗುತ್ತಿತ್ತು. ನೆರಿಸ್‌ಗೆ ನುಡಿಸುವುದೊಂದೇ ಬೇಕಾಗಿತ್ತು.

ಓಬೋ ಕಲಿಸುವ ಮೆನ್ನಾ ಬೇನನ್ ರೀಡನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಮುಗ್ದಿದೆ, ಪುಟ್ಟಿ. ಇನ್ನು ಇದಕ್ಕೆ ಚಾಕು ತೋರಿಸ್ಬೇಡ."

"ಇಲ್ಲ, ಮೆನ್ನಾ."

"ತೀರಾ ಕೆಳಗಿನ ಸ್ವರ ಒಂಚೂರು ತಡ ಮಾಡತ್ತೆ. ಮಾಡ್ಲಿ ಬಿಡು. ಚಾಕು ಇಲ್ಲೇ ಇಟ್ಟು ಹೋಗ್ತೀಯಾ?"

"ನಾನೇನು ಮಗುನಾ?"

"ಮಕ್ಕಳಾದ್ರೆ ಹೇಳಿದ ಮಾತು ಕೇಳ್ತಾವೆ," ಎಂದರು ಮೆನ್ನಾ.

ಪರೀಕ್ಷೆಯ ದಿನ ಸಭಾಂಗಣದ ಹೊರಗೆ ಕಾಯಬೇಕಾಯಿತು. ಅವಳಿಗಿಂತ ಮೊದಲು ಗಾಯನದ ಪರೀಕ್ಷೆಗೆ ಒಳಹೋಗಿದ್ದವನು ಇನ್ನೇನು ಮುಗಿಸಿದ ಅನ್ನುವಷ್ಟರಲ್ಲಿ ಮತ್ತೊಂದು ಹಾಡು ಎತ್ತಿಕೊಂಡಿದ್ದ. ನೆರಿಸ್ ಮೆಲ್ಲಗೆ ಕೆಳಗಿನ ಸ್ವರ ಊದಿದಳು.

"ಕೇಳ್ತಾ? ತಡ ಆಯ್ತು."

"ಒಳಗಿರೋನಷ್ಟು ಆಗ್ಲಿಲ್ಲ," ಎಂದ ಜೊತೆಗೆ ಬಂದಿದ್ದ ಗೆಥಿನ್. "ಬಿಡು ಮಾರಾಯ್ತಿ, ಅದು ನಿಂಗೊಬ್ಳಿಗೇ ಕೇಳ್ಸೋದು."

"ಪರೀಕ್ಷಕರಿಗೂ ಕೇಳ್ಸತ್ತೆ. ಅದಕ್ಕೇ ಅಲ್ವಾ ಅವ್ರಿಗೆ ಸಂಬಳ."

ಚೀಲದಿಂದ ಚಾಕು ಬಂತು. ಒಮ್ಮೆ, ಬರೀ ಒಮ್ಮೆ, ಕೆರೆದಳು. ಸ್ವರ ಬೆಣ್ಣೆಯ ಹಾಗೆ ಜಾರಿ ಬಂತು. ಬುದ್ಧಿ ನೆಟ್ಟಗಿರುವ ಯಾರೇ ಆದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಓಬೋದವರು ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಸಲ ಕೆರೆದಳು. ಕೆಳಗಿನ ಸ್ವರ ಕರೆಯುವ ಮೊದಲೇ ಓಗೊಟ್ಟಿತು. ಆಮೇಲೆ ಮೇಲಿನದನ್ನು ಊದಿ ನೋಡಿದಳು. ಅದು ಕುಸಿದಿತ್ತು.

ಕೆರೆದ ಜೊಂಡನ್ನು ಮರಳಿ ಅಂಟಿಸುವ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ.

"ಬೇರೇದು ಇದ್ಯಾ?" ಗೆಥಿನ್ ಕೇಳಿದ. ಡಬ್ಬಿಯಲ್ಲಿ ಬೇಕಾದಷ್ಟಿದ್ದವು. ಎಲ್ಲವೂ ಬಾತುಕೋಳಿಗಳು. ಅಷ್ಟರಲ್ಲಿ ಬಾಗಿಲು ತೆರೆದು ಅವಳ ಹೆಸರು ಕೂಗಿದರು.

ರೀಡ್ ಪಕ್ಕವಾದ್ಯದ ಪಿಯಾನೋದ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೇ ನಿಂತಿತು. ಅದನ್ನು ಎತ್ತಲು ನೆರಿಸ್ ತುಟಿ ಬಿಗಿಹಿಡಿದು ಕಚ್ಚಿದಳು. ಮೊದಲ ಭಾಗ ಹಾಗೂ ಹೀಗೂ ದಾಟಿತು. ವಿಳಂಬದ ಭಾಗಕ್ಕೆ ಬರುವಷ್ಟರಲ್ಲಿ ತುಟಿ ಸೋತು, ಬಾಯಿಯ ಅಂಚಿನಿಂದ ಗಾಳಿ ಸೋರತೊಡಗಿತು. ಎತ್ತರದಲ್ಲಿ ಉದ್ದಕ್ಕೆ ನಿಲ್ಲಬೇಕಾದ ಸ್ವರ ನೆನೆದ ಹಪ್ಪಳದಂತೆ ನಡುವಿನಲ್ಲೇ ಬಾಗಿತು. ಕೆಳಗಿನ ಸ್ವರಗಳೆಲ್ಲ ಹೊತ್ತಿಗೆ ಸರಿಯಾಗಿ ಬಂದವು. ಪರೀಕ್ಷಕರಲ್ಲಿ ಒಬ್ಬರು ಬರೆಯುತ್ತಲೇ ಇದ್ದರು. ಇನ್ನೊಬ್ಬರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿ ಮುಗುಳ್ನಕ್ಕರು, ಕಾಯಿಲೆಯವರನ್ನು ನೋಡಿ ನಗುವ ಹಾಗೆ.

ಹೊರಗೆ ಮೆನ್ನಾ ನಿಂತಿದ್ದರು.

"ಎಷ್ಟು ಸಲ?"

"ಒಂದೇ."

ಮೆನ್ನಾ ಅವಳ ಕೈಯಿಂದ ರೀಡನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಎರಡು," ಎಂದಳು ನೆರಿಸ್. "ಬೈದ್ಬಿಡಿ ಮೆನ್ನಾ."

"ಬೈದ್ರೆ ರೀಡ್ ದಪ್ಪ ಆಗತ್ತಾ?" ಅವಳ ಕರಿಯ ಉಡುಪಿನ ಮೇಲಿದ್ದ ಜೊಂಡಿನ ಪುಡಿಯನ್ನು ಮೆನ್ನಾ ಕೈಯಿಂದ ಒರೆಸಿದರು. "ಏನಾದ್ರೂ ತಿಂದಿದ್ಯಾ?"

ನೆರಿಸ್ ಇಲ್ಲವೆಂದು ತಲೆಯಾಡಿಸಿದಳು.

ಐವತ್ತೇಳು ಬಂತು. ಮೂರನೆಯ ವರ್ಷ ನೆರಿಸ್ ಹಳೆಯ ಚರ್ಚುಗಳ ಪ್ರಾರ್ಥನಾಗೀತೆಗಳ ಮೇಲೆ ಪ್ರಬಂಧ ಬರೆದಳು.