ಮೂರು ಬೆರಳಿನ ಭಂಡಾರ

ನಮ್ಮ ಯಜಮಾನರ ಬಾಯಿ ದೊಡ್ಡದು. ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಗೋಣೆಪ್ಪನ ಅಂಗಡಿ ಎಲ್ಲಿ ಅಂತ ಕೇಳಿದರೆ, ಒಂದು ಗಳಿಗೆ ಸುಮ್ಮನೆ ನಿಂದರ್ರಿ, ಕೇಳಿಸ್ತದ ಅನ್ನುತ್ತಾರೆ. ಬೆಳೆಗೆ ಔಷಧಿ ಹೊಡೆಯುವ ಪಂಪು, ಕಳೆ ತೆಗೆಯುವ ಮಷೀನು ಮಾರುವ ಅಂಗಡಿ ನಮ್ಮದು. ಇಪ್ಪತ್ತು ವರ್ಷದಿಂದ ಒಂದೇ ಕಂಪನಿಯ ಡೀಲರು. ಗಲ್ಲಾದ ಮೇಲೆ ಅವರು ಕೂರುತ್ತಾರೆ, ಒಳಗಿನ ಕೆಲಸವೆಲ್ಲ ಕನಕಮ್ಮನದು. ಅಂದರೆ ನನ್ನದು.

ಮೂರು ವರ್ಷದಿಂದ ಅವರ ಸಿಟ್ಟೆಲ್ಲ ಮೊಬೈಲಿನ ಮೇಲೆ. ದಾಳಿಂಬೆ ತೋಟದವರು ಬಂದು ಪಂಪು ಎತ್ತಿ ನೋಡಿ, ಚಾಲೂ ಮಾಡಿಸಿ, ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು ಅಂತ ಕೇಳಿ, ನಮ್ಮ ಚಹಾ ಕುಡಿದು ಹೋಗುತ್ತಿದ್ದರು. ಮನೆಗೆ ಹೋಗಿ ಅದೇ ಪಂಪನ್ನು ಆನ್‌ಲೈನಿನಲ್ಲಿ ಎರಡು ಸಾವಿರ ಕಡಿಮೆಗೆ ತರಿಸುತ್ತಿದ್ದರು. ಕೆಟ್ಟಾಗ ಮಾತ್ರ ಮತ್ತೆ ನಮ್ಮ ಕಟ್ಟೆಗೇ ಹಾಜರು. "ಮದಿವಿ ಅಲ್ಲಿ, ಬಾಣಂತನ ಇಲ್ಲೇನು?" ಅಂತ ಯಜಮಾನರು ಕೂಗಾಡುತ್ತಿದ್ದರು. ಕೂಗಾಟದಲ್ಲಿ ನ್ಯಾಯ ಇತ್ತು, ಇಲ್ಲ ಅನ್ನುವುದಿಲ್ಲ.

ಕೊಪ್ಪಳದಲ್ಲಿ ಡೀಲರುಗಳ ಮೀಟಿಂಗ್ ನಡೆದಾಗ ಮೇಜು ಗುದ್ದಿ ನಿಯಮ ಮಾಡಿಸಿದವರೂ ಇವರೇ. ಯಾವ ಡೀಲರೂ ಆನ್‌ಲೈನಿನಲ್ಲಿ ಮಾರುವಂತಿಲ್ಲ, ಮಾರುವವರಿಗೆ ಮಾಲು ಕೊಡುವಂತಿಲ್ಲ. ಯಾರ ಅಂಗಡಿಯ ಮಷೀನು ಅಲ್ಲಿ ಸಿಕ್ಕರೂ, ಗೊತ್ತಿದ್ದು ಕೊಟ್ಟಿರಲಿ, ಗೊತ್ತಿಲ್ಲದೆ ಕೊಟ್ಟಿರಲಿ, ಅವರ ಡೀಲರ್‌ಶಿಪ್ ರದ್ದು. ಆ 'ಗೊತ್ತಿಲ್ಲದೆ' ಅನ್ನುವುದನ್ನು ಹಟ ಹಿಡಿದು ಸೇರಿಸಿದ್ದು ನಮ್ಮವರು. "ಗೊತ್ತಿಲ್ಲ ಅನ್ನಾಕ ಎಲ್ಲಾರೂ ತಯಾರ ಇರ್ತಾರ್ರಿ" ಅಂದಿದ್ದರಂತೆ.

ಆದರೂ ಜಿಲ್ಲೆಯೊಳಗಿಂದಲೇ ಯಾರೋ ಆನ್‌ಲೈನಿಗೆ ಮಾಲು ಬಿಡುತ್ತಿದ್ದರು. ಯಜಮಾನರ ಅನುಮಾನ ಯಲಬುರ್ಗಾದ ಡೀಲರ್ ಶಬ್ಬೀರಸಾಬರ ಮೇಲೆ. ಯಾಕೆ ಅಂದರೆ ಅವರ ಅಂಗಡಿಯ ಮಾಲು ಬೇಗ ಖಾಲಿಯಾಗುತ್ತದಂತೆ. ಶಬ್ಬೀರಸಾಬರು ಮೆತ್ತಗೆ ಮಾತಾಡುವ ಮನುಷ್ಯ, ಗಿರಾಕಿಗಳು ಹೋಗುವುದು ಅಂಥವರ ಹತ್ತಿರವೇ. ಇದನ್ನು ಬಾಯಿ ಬಿಟ್ಟು ಹೇಳಿದರೆ ನಾನು ಕೆಟ್ಟವಳು.

ಕಳ್ಳನನ್ನು ಹಿಡಿದೇ ತೀರಬೇಕು ಅಂತ ಇವರು ತಾವೇ ಆನ್‌ಲೈನಿನಲ್ಲಿ ಒಂದು ಪಂಪು ತರಿಸಿದರು. ಬಂದ ಡಬ್ಬಿಯನ್ನು ಒಡೆಯದೆ ಇಟ್ಟು, ಕಂಪನಿಯ ಮ್ಯಾನೇಜರ್ ರಂಜಿತಾ ಮೇಡಮ್ಮನ್ನೂ ಶಬ್ಬೀರಸಾಬರನ್ನೂ ನಮ್ಮ ಅಂಗಡಿಗೆ ಕರೆಸಿದರು. ಪ್ರತಿ ಮಷೀನಿಗೂ ನಂಬರ್ ಇರುತ್ತದೆ, ನಂಬರ್ ನೋಡಿದರೆ ಯಾವ ಅಂಗಡಿಯದು ಅಂತ ಕಂಪನಿಗೆ ತಿಳಿಯುತ್ತದೆ. ಎಲ್ಲರ ಎದುರಿಗೇ ಬಯಲಾಗಲಿ ಅಂತ ಇವರ ಆಸೆ.

ಇಲ್ಲಿ ನನ್ನದೊಂದು ಕೆಲಸದ ಬಗ್ಗೆ ಹೇಳಬೇಕು. ನಾವು ಹಾಲುಮತದವರು. ದೇವರ ಹೆಸರಿನಲ್ಲಿ ಕುರಿಗೂ ಕೂಸಿಗೂ ಹಚ್ಚುವ ಅರಿಶಿಣದ ಭಂಡಾರವನ್ನು ಹಚ್ಚದೆ ನಮ್ಮ ಅಂಗಡಿಯಿಂದ ಯಾವ ಮಷೀನೂ ಹೊರಗೆ ಹೋಗುವುದಿಲ್ಲ. ಭಂಡಾರವನ್ನು ಎಣ್ಣೆಯಲ್ಲಿ ಕಲಸಿ, ಪಂಪಿನ ಬಿಳಿ ಟ್ಯಾಂಕಿನ ತಳಕ್ಕೆ ಮೂರು ಬೆರಳು ಒತ್ತುತ್ತೇನೆ. ನನ್ನ ನಡುಬೆರಳು ಮೊಂಡು. ಅಂಗಡಿ ಹಾಕಿದ ಹೊಸತರಲ್ಲಿ ಮೇವು ಕತ್ತರಿಸುವ ಮಷೀನು ಅದರ ತುದಿ ತಿಂದಿತು. ಶಬ್ಬೀರಸಾಬರು ಆಗ ಇಲ್ಲೇ ನಮ್ಮ ಪಕ್ಕದ ಅಂಗಡಿಯಲ್ಲಿದ್ದರು. ಓಡಿ ಬಂದು ಸ್ವಿಚ್ ಆರಿಸಿ, ನನ್ನನ್ನು ದವಾಖಾನೆಗೆ ಒಯ್ದವರು ಅವರೇ. ಹೀಗಾಗಿ ನಾನು ಒತ್ತಿದ ಮೂರು ಗುರುತಿನಲ್ಲಿ ನಡುವಿನದು ಗಿಡ್ಡ.

ಡಬ್ಬಿ ಒಡೆದರು. ರಂಜಿತಾ ಮೇಡಮ್ ನಂಬರ್ ಹುಡುಕಿದರು. ನಂಬರಿನ ಚೀಟಿಯನ್ನು ಯಾರೋ ಮೊದಲೇ ಕೆರೆದು ತೆಗೆದಿದ್ದರು. ಇಂಜಿನ್ನಿನ ಮೇಲೆ ಕೊರೆದದ್ದನ್ನೂ ಉಜ್ಜಿ ಅಳಿಸಿದ್ದರು.

"ನಂಬರ್ ಇಲ್ಲ. ಆದರೂ ಇದು ಇಂಥವರದೇ ಅಂತ ನೀವು ಖಾತ್ರಿಯಾಗಿ ಬರೆದುಕೊಟ್ಟರೆ, ಅವರ ಡೀಲರ್‌ಶಿಪ್ ಇವತ್ತೇ ನಿಲ್ಲಿಸ್ತೀನಿ" ಅಂದರು ಮೇಡಮ್.

"ಬರದ ಕೊಡ್ತೀನ್ರಿ. ಇದು ಯಲಬುರ್ಗಾದ ಮಾಲು" ಅಂದರು ಯಜಮಾನರು.

ಶಬ್ಬೀರಸಾಬರು ಕೈ ಮುಗಿದರು. "ಗೋಣೆಪ್ಪಣ್ಣಾರ, ಅಲ್ಲಾನ ಆಣಿಗೂ ನಾ ಕೊಟ್ಟಿಲ್ರಿ. ನನ್ನ ಮನಿ ನಡಿಯೂದು ಆ ಅಂಗಡಿ ಮ್ಯಾಲ. ಒಂದು ಮಾತಿನಾಗ ಮುಚ್ಚಿಸಬ್ಯಾಡ್ರಿ."

ಇವರು ಕೇಳಿಸಿಕೊಳ್ಳಲಿಲ್ಲ. ಇನ್ನೇನಾದರೂ ಗುರುತು ಸಿಕ್ಕೀತು ಅಂತ ಪಂಪನ್ನು ಮಗುಚಿದರು. ಟ್ಯಾಂಕಿನ ತಳದಲ್ಲಿ ಮೂರು ಬೆರಳು. ನಡುವಿನದು ಗಿಡ್ಡ.

ನನ್ನದೇ ಕೈಯ ಗುರುತು. ಮಾರ್ಚಿನಲ್ಲಿ ಗಂಗಾವತಿ ಕಡೆಯವನೊಬ್ಬ ಬಂದು, ಮಹಿಳಾ ಸಂಘಕ್ಕೆ ಅಂತ ಹೇಳಿ ಹತ್ತು ಪಂಪು ಒಮ್ಮೆಲೇ ಒಯ್ದಿದ್ದ. ವರ್ಷದ ಟಾರ್ಗೆಟ್ ಮುಟ್ಟಿತು ಅನ್ನುವ ಖುಷಿಯಲ್ಲಿ, ಯಾವ ಸಂಘ, ಯಾವ ಊರು ಅಂತ ಯಜಮಾನರು ಕೇಳಿರಲಿಲ್ಲ. ಹತ್ತಕ್ಕೂ ಭಂಡಾರ ಒತ್ತಿದವಳು ನಾನು.

ಯಜಮಾನರೂ ನೋಡಿದರು. ಅವರಿಗೂ ಗುರುತು ಹತ್ತಿತು, ಆ ಕಣ್ಣು ನನಗೆ ಗೊತ್ತಿಲ್ಲವೇ? ನಾನು ಬಾಯಿ ತೆರೆಯುವಷ್ಟರಲ್ಲಿ ಹೆಗಲ ಮೇಲಿನ ಟವೆಲ್ ಎಳೆದು, "ಏನೋ ರಾಡಿ ಹತ್ತೇತಿ" ಅನ್ನುತ್ತ ಗಸಗಸ ಒರೆಸಿಬಿಟ್ಟರು.

ಗುರುತು ಕಂಡಾಗ ಬಿದ್ದ ಪೆಟ್ಟು ಇದರ ಮುಂದೆ ಏನೂ ಅಲ್ಲ. ಭಂಡಾರ ನೆಲಕ್ಕೆ ಉದುರಿದರೆ ಬೆರಳಿನಿಂದ ಎತ್ತಿ ಹಣೆಗೆ ಹಚ್ಚಿಕೊಳ್ಳುವ ಮನುಷ್ಯ ಇವರು. ಅದನ್ನು ರಾಡಿ ಅಂದರು. ಒರೆಸಿದ ಕೈಯಲ್ಲೇ ಮೇಡಮ್ಮಿನ ಪೆನ್ನು ಇಸಿದುಕೊಂಡು ಬರೆಯಲು ಬಗ್ಗಿದರು. ಇಪ್ಪತ್ತಾರು ವರ್ಷ ನಾನು ಯಾರ ಜೊತೆ ಸಂಸಾರ ಮಾಡಿದೆ ಅಂತ ನಿಂತಲ್ಲೇ ಗಾಬರಿಯಾಯಿತು.

ಅರಿಶಿಣ ಪ್ಲಾಸ್ಟಿಕ್ಕಿಗೆ ಹತ್ತಿದರೆ ಹೋಗುವುದಿಲ್ಲ. ಗಂಡಸರಿಗೆ ಇದು ಗೊತ್ತಿಲ್ಲ, ಅಡುಗೆಮನೆಯ ಡಬ್ಬಿ ತಿಕ್ಕುವವರಿಗೆ ಗೊತ್ತು. ಮೇಲಿನ ಜಿಡ್ಡು ಟವೆಲಿಗೆ ಬಂದಿತ್ತು, ಕಲೆ ಅಲ್ಲೇ ಇತ್ತು.

"ಮೇಡಮ್ಮಾರ, ಸ್ವಲ್ಪ ತಡೀರಿ" ಅಂದೆ. ಪಂಪಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಲಗೈಯ ಮೂರು ಬೆರಳನ್ನು ಆ ಮೂರು ಕಲೆಯ ಮೇಲೆ ಇಟ್ಟೆ. ಅಳತೆ ತಗೊಂಡು ಮಾಡಿಸಿದ ಹಾಗೆ ಕೂತವು.

"ಇದು ನಮ್ಮ ಅಂಗಡಿದರಿ. ಹಚ್ಚಿದಾಕಿ ನಾನ."

ಶಬ್ಬೀರಸಾಬರು ಕಲೆಯನ್ನು ನೋಡಲಿಲ್ಲ, ನನ್ನ ಮೊಂಡು ಬೆರಳನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಬ್ಯಾಡ ತಂಗೆವ್ವಾ, ನಿನ್ನ ಅಂಗಡಿ ಹೋಗ್ತೈತಿ" ಅಂದರು. ತಮ್ಮ ಅಂಗಡಿ ಉಳಿದ ಗಳಿಗೆಯಲ್ಲಿ ಆ ಮನುಷ್ಯ ಆಡಿದ ಮಾತು ಅದು.

ಗಂಗಾವತಿಯವನ ಸಂಗತಿಯನ್ನೂ ನಾನೇ ಹೇಳಿದೆ. ರಂಜಿತಾ ಮೇಡಮ್ ಬರೆದುಕೊಂಡು, ನಿಯಮವನ್ನು ಓದಿದರು. ಗೊತ್ತಿಲ್ಲದೆ ಕೊಟ್ಟಿದ್ದರೂ ರದ್ದು. ತಾವೇ ಸೇರಿಸಿದ ಮಾತನ್ನು ಯಜಮಾನರು ನಿಂತು ಕೇಳಿದರು. ಅವರ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಎಲ್ಲರೂ ಹೋದ ಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಹಳದಿಯಾದ ಟವೆಲ್ ಇನ್ನೂ ಕೈಯಲ್ಲೇ ಇತ್ತು.

"ಆ ಗಂಗಾವತಿಯಾಂವ ಹಿಂಗ ಮಾಡ್ತಾನಂತ ನನಗ ಗೊತ್ತಿರಲಿಲ್ಲ ಕನಕಾ" ಅಂದರು.

"ಮಾರೂ ಮುಂದ ಗೊತ್ತಿರಲಿಲ್ಲ, ಖರೆ" ಅಂದೆ. "ಒರಸೂ ಮುಂದ ಗೊತ್ತಿತ್ತಲ್ಲ?"