ಡ್ರಿಲ್ ಮೇಷ್ಟರ ಹೆಬ್ಬೆರಳು

ಭಗವಂತ ಕೆಲವರಿಗೆ ಸಿಟ್ಟನ್ನು ಮೂಗಿನ ತುದಿಯಲ್ಲಿಟ್ಟಿರುತ್ತಾನೆ. ನಮ್ಮ ಡ್ರಿಲ್ ಮೇಷ್ಟರಿಗೆ ಮಾತ್ರ ಈಚೆಗೆ ಅದು ಬಲಗಾಲಿನ ಹೆಬ್ಬೆರಳಿಗೆ ಇಳಿದಿತ್ತು. ಬೂಟಿನೊಳಗೆ ಎದ್ದ ಮೊಳೆಯೊಂದು ಚುಚ್ಚಿದ್ದೇ ನೆಪ. ಗಾಯ ಬಾತು, ಕೀವುಗಟ್ಟಿ, ಕೊಟ್ಟ ಔಷಧಿಗಳನ್ನೆಲ್ಲ ನುಂಗಿ ನೀರು ಕುಡಿದು ಕೂತಿತ್ತು. ನಿವೃತ್ತರಾದ ಮೇಲೂ ಶಾಲೆಯ ಮೈದಾನಕ್ಕೆ ಒಂದು ಸುತ್ತು ಹಾಕದೆ ಬೆಳಗಿನ ತಿಂಡಿ ಮುಟ್ಟದಿದ್ದ ಮನುಷ್ಯ ಈಗ ಕಿಟಕಿ ಪಕ್ಕ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಬೀದಿಯಲ್ಲಿ ಹೋಗುವವರ ನಡಿಗೆಗೆ ಹೆಸರಿಡುತ್ತಿದ್ದರು.

"ನೋಡೇ ಅವನ್ನ. ಮುರಿದ ಕೊಡೆ ಇದ್ದ ಹಾಗಿದಾನೆ."

"ನಡೀತಾನಲ್ಲ, ಪುಣ್ಯವಂತ," ಎಂದಳು ಹೆಂಡತಿ, ಬಟ್ಟೆ ಮಡಿಸುತ್ತ.

ಹಗುರವಾಗಿ ಅಂದಳೇ ಹೊರತು ಒಳಗೆ ಅವಳಿಗೆ ದಿಗಿಲು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಕೀವು ಮೂಳೆಗೆ ಇಳಿದ್ರೆ ಬೆರಳು ತೆಗೀಬೇಕಾಗುತ್ತೆ. ಕೊಲ್ಲೋ ಔಷಧಿಗೆ ಈ ಕ್ರಿಮಿಗಳು ಜಗ್ತಾ ಇಲ್ಲ. ಹೊಸ ಮುಲಾಮು ಒಂದಿದೆ, ಇನ್ನೂ ಪರೀಕ್ಷೆ ನಡೀತಿರೋದು. ಆದ್ರೆ ಅದು ಕೊಲ್ಲೋದಿಲ್ಲ."

"ಕೊಲ್ಲದೆ ಮತ್ತೇನು, ಮುದ್ದು ಮಾಡುತ್ತಾ?" ಎಂದಿದ್ದರು ಮೇಷ್ಟರು.

"ಕಮ್ಮಿ ಇದ್ದಾಗ ಇವು ಬಾಲ ಮುದುರ್ಕೊಂಡಿರ್ತಾವೆ ಮೇಷ್ಟ್ರೇ. ಏನೋ ಒಂದು ರಸ ಬಿಟ್ಟು ಒಂದಕ್ಕೊಂದು ಸಮಾಚಾರ ಮುಟ್ಟಿಸ್ತಾವೆ. ಸಾಕಷ್ಟು ಜನ ಸೇರಿದೀವಿ ಅಂತ ಗೊತ್ತಾದ್ಮೇಲೇ ಎಲ್ಲಾ ಒಟ್ಟಿಗೆ ವಿಷ ಕಕ್ಕೋದು. ಈ ಮುಲಾಮು ಆ ಸಮಾಚಾರ ಮುಟ್ಟದ ಹಾಗೆ ಮಾಡುತ್ತೆ. ಇರ್ತಾವೆ, ಹಲ್ಲು ಕಿತ್ತ ಹಾವಿನ ಹಾಗೆ. ಮಿಕ್ಕಿದ್ದನ್ನ ನಿಮ್ಮ ರಕ್ತಾನೇ ನೋಡ್ಕೊಳ್ಳುತ್ತೆ."

ಮೇಷ್ಟರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಒಪ್ಪಿದ್ದರು.

ಮುಲಾಮು ಶುರುವಾಗಿ ಕೆಲವು ದಿನವಾಗಿತ್ತು. ಈಗ ಗಾಯವನ್ನು ಹತ್ತಿಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ಒಯ್ದಿದ್ದರ ವರದಿ ಬಂದಿತ್ತು. ಕ್ರಿಮಿಗಳು ಜೀವಂತ. ಹೇರಳ.

"ಹೇರಳ ಅಂತೆ!" ಮೇಷ್ಟರು ಕುರ್ಚಿಯ ಕೈ ಗುದ್ದಿದರು. "ನನ್ನ ಕಾಲಲ್ಲಿ ಬಿಡಾರ ಹೂಡಿ, ನನ್ನದೇ ಖರ್ಚಲ್ಲಿ ಸಂಸಾರ ಬೆಳೆಸ್ತಾ ಇದಾವೆ!"

ಮಧ್ಯಾಹ್ನ ದಿಂಬಿನ ಚೀಲ ಬದಲಿಸಲು ಹೋದಾಗ ಹೆಂಡತಿಯ ಮೂಗಿಗೆ ಏನೋ ಅಡರಿತು. ಮೇಷ್ಟರು, ಕದ್ದು ಸಿಕ್ಕಿಬಿದ್ದ ಹುಡುಗನಂತೆ, ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ನಿದ್ದೆ ಮಾಡುತ್ತಿದ್ದರು.

"ರೀ, ನಿಮ್ಮ ಕನಸಿಂದ ಕಕ್ಕಸು ತೊಳೆದ ವಾಸನೆ ಬರ್ತಿದೆಯಲ್ಲ?"

ದಿಂಬಿನಡಿಯಿಂದ ಕೆಮ್ಮಿನ ಔಷಧಿಯ ಹಳೇ ಬಾಟಲಿ ಹೊರಬಂತು. ಒಳಗೆ ನೆಲ ಒರೆಸುವ ಫಿನಾಯಿಲ್. ಇದು ಗಾಯಕ್ಕೆ ಬಿದ್ದರೆ ಕ್ರಿಮಿಯ ಮಾತಿರಲಿ, ಈಗಷ್ಟೇ ಚಿಗುರುತ್ತಿರುವ ಚರ್ಮವೂ ಸುಟ್ಟುಹೋಗುತ್ತದೆ.

"ಹಚ್ಕೊಂಡ್ರಾ?"

"ಇಲ್ಲ." ಮೇಷ್ಟರ ದನಿ ನೆಲ ಕಚ್ಚಿತ್ತು. "ಕಟ್ಟು ಬಿಚ್ಚೋಣ ಅಂದ್ರೆ ಬಗ್ಗೋಕೆ ಆಗ್ಲಿಲ್ಲ."

ಭಗವಂತ ಕೆಲವರನ್ನು ಹೊಟ್ಟೆ ಬೆಳೆಸಿಯೂ ಕಾಯುತ್ತಾನೆ. ಅವಳು ಮನಸ್ಸಿನಲ್ಲೇ ಕೈಮುಗಿದು, ಮಂಚದ ತುದಿಗೆ ಕೂತಳು.

"ನಿಮ್ಮ ಮೈದಾನದಲ್ಲಿ ಒಂದು ಪುಂಡರ ಗುಂಪಿತ್ತಲ್ಲ, ಎಷ್ಟು ಸೀಟಿ ಊದಿದ್ರೂ ಕೇಳ್ದೇ ಇದ್ದದ್ದು? ಅವರಿಗೆ ಏನ್ ಮಾಡಿದ್ರಿ? ಫಿನಾಯಿಲ್ ಹುಯ್ದ್ರಾ?"

"ಛೆ, ಮಕ್ಕಳು ಕಣೇ! ಒಬ್ಬೊಬ್ಬನ್ನ ಒಂದೊಂದು ಸಾಲಿನ ತುದೀಲಿ ನಿಲ್ಲಿಸ್ದೆ."

"ಆಮೇಲೆ?"

"ಪಿಸುಗುಟ್ಟೋಕೆ ಪಕ್ಕದಲ್ಲಿ ಯಾರೂ ಇಲ್ಲ. ಬೆಪ್ಪರ ಹಾಗೆ ನಿಂತ್ಕೊಂಡ್ರು..." ಮೇಷ್ಟರು ಅಲ್ಲಿಗೇ ನಿಲ್ಲಿಸಿದರು. ಹೆಂಡತಿ ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಿದ್ದಳು.

"ಅಲ್ಲ, ನನ್ನ ಮಾತಲ್ಲೇ ನನ್ನನ್ನ ಕಟ್ಟಿಹಾಕ್ತೀಯಲ್ಲ! ವರದೀಲಿ ಹೇರಳ ಅಂತ ಬರೆದಿದಾರಲ್ಲ, ಅದಕ್ಕೇನಂತೀಯ?"

"ವರದಿ ಅಂದ್ರೆ ಹಾಜರಿ ಅಷ್ಟೇರಿ. ಹೆಸರು ಕೂಗಿದಾರೆ, ಅವು 'ಇದ್ದೀನಿ ಸಾರ್' ಅಂದಿವೆ. ಇದ್ದು ಏನು ಮಾಡ್ತಿವೆ ಅಂತ ಹಾಜರಿ ಹೇಳುತ್ತಾ?"

ಮೇಷ್ಟರು ಗೋಡೆಯ ಕಡೆ ಹೊರಳಿದರು. ಆದರೆ ಗಂಡನನ್ನು ಗೆದ್ದ ಮಾತು ಅವಳನ್ನೇ ಪೂರ್ತಿ ಗೆದ್ದಿರಲಿಲ್ಲ. ಬಚ್ಚಲಲ್ಲಿ ಫಿನಾಯಿಲ್ ಚೆಲ್ಲಿ ಬಾಟಲಿ ತೊಳೆಯುತ್ತ ಅವಳು ಬೇಡಿಕೊಂಡಳು: 'ಅಪ್ಪಾ, ಆ ಹುಳಕ್ಕೂ ಜೀವ ಕೊಟ್ಟವನು ನೀನೇ. ಇರಲಿ, ನಾನೇನು ಅದರ ಪ್ರಾಣ ಕೇಳುತ್ತಿಲ್ಲ. ಇವರ ಬೆರಳೊಂದನ್ನು ಇವರಿಗೇ ಬಿಡು.'

ಮುಂದಿನ ಪರೀಕ್ಷೆಯ ದಿನ ಡಾಕ್ಟರಮ್ಮ ಕಟ್ಟು ಬಿಚ್ಚಿದರು. ಬಾವು ಇಳಿದಿತ್ತು. ಕೀವಿದ್ದ ಕಡೆ ಎಳೆಗೂಸಿನ ಅಂಗೈಯಂಥ ಕೆಂಪು. ಅವರು ಅಂಚನ್ನು ಒತ್ತಿ ನೋಡಿದರು, ಮೂಳೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಅಷ್ಟು ಹೊತ್ತೂ ಹೆಂಡತಿ ತನ್ನ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು.

"ಬೆರಳು ಎಲ್ಲಿಗೂ ಹೋಗಲ್ಲ," ಎಂದರು ಡಾಕ್ಟರಮ್ಮ.

ಹೆಂಡತಿ ಸೆರಗು ಬಿಟ್ಟು ಎರಡೂ ಕೈ ಮುಗಿದಳು. ಮೇಷ್ಟರಿಗೆ ಇನ್ನೂ ಅನುಮಾನ.

"ಅವು ಇನ್ನೂ ಇದಾವಾ?"

"ಇದಾವೆ. ಕಮ್ಮಿ ಆಗ್ತಿದಾವೆ. ಸದ್ಯಕ್ಕೆ ತಂಟೆ ಮಾಡ್ತಿಲ್ಲ."

ಮೇಷ್ಟರು ಬಗ್ಗಿದರು, ಹೊಟ್ಟೆ ಬಿಟ್ಟಷ್ಟು. ಹೆಬ್ಬೆರಳನ್ನೇ ದಿಟ್ಟಿಸಿ, ಮೈದಾನದ ದನಿಯಲ್ಲಿ ಗುಡುಗಿದರು: "ಇರೋದಾದ್ರೆ ಇರಿ! ಯಾರೂ ಪಿಟ್ ಅನ್ನಕೂಡದು!"

ಹೊರಗೆ ಸರದಿಗಾಗಿ ಕಾಯುತ್ತ ಹರಟುತ್ತಿದ್ದವರೆಲ್ಲ ಗಪ್‌ಚಿಪ್ಪಾದರು. ಯಾರದೋ ಕೈಯಿಂದ ಚೀಟಿ ಜಾರಿ ಬಿತ್ತು.

"ಮೆಲ್ಲಗೆ ರೀ," ಎಂದು ಹೆಂಡತಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಅವಕ್ಕೆ ಕಿವಿ ಕೇಳದ ಹಾಗೆ ಮಾಡೋಕೆ ಡಾಕ್ಟರಮ್ಮ ಅಷ್ಟು ಕಷ್ಟಪಟ್ಟಿದಾರೆ."

ಮೇಷ್ಟರು ಚಪ್ಪಲಿಯೊಳಗೆ ಕೈಯಾಡಿಸಿ, ಮೊಳೆಯಿಲ್ಲವೆಂದು ಖಾತ್ರಿ ಮಾಡಿಕೊಂಡು ಕಾಲಿಟ್ಟರು. ಅವಳು ಕೊಟ್ಟ ಕೈಯನ್ನು ಬೇಡವೆಂದು, ಕುಂಟುತ್ತ, ಒಂದು ಕಡೆಗೆ ವಾಲುತ್ತ ಬಾಗಿಲ ಕಡೆ ಹೊರಟರು.

"ನೋಡಿ ಇವರ್ನ," ಎಂದಳು ಹಿಂದಿನಿಂದ ಹೆಂಡತಿ. "ಮುರಿದ ಕೊಡೆ ಇದ್ದ ಹಾಗಿದಾರೆ."

"ನಡೀತಿದೀನಲ್ಲೇ," ಎಂದರು ಮೇಷ್ಟರು, ಹಿಂತಿರುಗದೆ.