ಹದಿಮೂರನೆಯವನ ಕಾಲು

"ಏ ಮುಂಡೇದೇ, ಬೆರಳ ಸಂದೀಲಿ ಇನ್ನೂ ಮಣ್ಣು ಕೂತಿದೆಯಲ್ಲೋ! ಈ ಕಾಲನ್ನ ದಣಿ ಮುಟ್ಟಬೇಕಾ? ಇಟ್ಟಿಗೆ ತಗೊಂಡು ಉಜ್ಜು!"

ನಲ್ಲಿಯ ಕಟ್ಟೆಯ ಮೇಲೆ ಹನ್ನೆರಡು ಜನ ಪ್ಯಾಂಟು ಮಡಚಿಕೊಂಡು ಕೂತಿದ್ದರು. ಸಂತೆಯಲ್ಲಿ ಎತ್ತಿನ ಗೊರಸು ನೋಡುವ ಹಾಗೆ ಮೇಸ್ತ್ರಿ ಒಬ್ಬೊಬ್ಬರ ಪಾದ ಎತ್ತಿ ನೋಡುತ್ತಿದ್ದ. ವರ್ಷಕ್ಕೊಮ್ಮೆ, ಸ್ವಾಮಿ ಶಿಲುಬೆಗೇರಿದ ದಿನದ ಹಿಂದಿನ ಬೆಳಿಗ್ಗೆ, ನಮ್ಮ ಚರ್ಮದ ಕಾರ್ಖಾನೆಯ ಪ್ರಾರ್ಥನಾ ಕೋಣೆಯಲ್ಲಿ ದಣಿ ಮೊಣಕಾಲೂರಿ ಹನ್ನೆರಡು ಆಳುಗಳ ಕಾಲು ತೊಳೆಯುತ್ತಾರೆ. ಸ್ವಾಮಿ ತನ್ನ ಶಿಷ್ಯರಿಗೆ ಮಾಡಿದ ಹಾಗೆ. ತೊಳೆಯುವ ಕಾಲು ಕೊಳಕಾಗಿರಬಾರದು, ಅಷ್ಟೇ.

ಅದಕ್ಕೇ ಸುಣ್ಣದ ತೊಟ್ಟಿಯವರನ್ನು ಯಾವತ್ತೂ ಕರೆದಿಲ್ಲ. ಚರ್ಮದ ಕೂದಲು ಉದುರಲೆಂದು ಸುಣ್ಣದ ನೀರಲ್ಲಿ ಮೊಣಕಾಲುದ್ದ ನಿಂತು ಹಸಿ ಚರ್ಮ ಮಗುಚುವವರು ಅವರು. ನನ್ನ ಗಂಡ ಹನ್ನೊಂದು ವರ್ಷ ನಿಂತಿದ್ದಾನೆ. ಬೂಟಿನ ಅಡಿ ಕಿತ್ತುಹೋಗಿ ಮೂರು ತಿಂಗಳಾಗಿತ್ತು. ಬೇರೆ ಬೂಟು ಕೇಳಿದಾಗಲೆಲ್ಲ ಮೇಸ್ತ್ರಿ, "ನಿಮ್ಮಪ್ಪ ಬೂಟು ಹಾಕ್ಕೊಂಡೇ ಹುಟ್ಟಿದ್ನಾ?" ಎನ್ನುತ್ತಿದ್ದ.

ಈಗ ಸುಣ್ಣ ಕೊರೆದ ಎಡಗಾಲು ಕೊಳೆತು, ಕಪ್ಪು ಹಿಮ್ಮಡಿ ದಾಟಿ ಮೀನಖಂಡಕ್ಕೆ ಏರಿತ್ತು. ಬೆಳಿಗ್ಗೆ ಕಾಂಪೌಂಡರ್ ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿದವನೇ ಮುಖ ತಿರುಗಿಸಿದ.

"ಅಕ್ಕಾ, ನನ್ ಕೈಲಾಗಲ್ಲ. ದೊಡ್ಡಾಸ್ಪತ್ರೆಗೆ ಹೋಗು, ಇವತ್ತೇ. ನಾಳೆ ಅಂದ್ರೆ ಕಾಲಲ್ಲ, ಆಳೇ ಉಳಿಯಲ್ಲ."

ದೊಡ್ಡಾಸ್ಪತ್ರೆ ಅರವತ್ತು ಮೈಲಿ. ಕಾರ್ಖಾನೆಗೆ ರಜೆಯೆಂದು ಅದರ ಬಸ್ಸೂ ಇಲ್ಲ. ಇದ್ದದ್ದು ದಣಿಯ ಕಾರು ಒಂದೇ.

ಆಫೀಸಿನ ಮೆಟ್ಟಿಲ ಕೆಳಗೆ ನಿಂತು ಕೇಳಿದೆ. "ದಣೀ, ಕಾರೊಂದು ಕೊಡ್ಸಿ. ನನ್ ಗಂಡ ಸಾಯ್ತಾನೆ."

"ಪಾದ್ರಿಗಳನ್ನ ವಾಪಸ್ ಬಿಡಬೇಕಲ್ಲಮ್ಮ. ಅದೂ ಅಲ್ದೆ ಆ ವಾಸನೆ... ಸೀಟೆಲ್ಲ ಹೊಸದು." ದಣಿ ನನ್ನ ತಲೆಯ ಮೇಲೆ, ಮುಟ್ಟದಷ್ಟು ಎತ್ತರದಲ್ಲಿ, ಆಶೀರ್ವದಿಸುವಂತೆ ಕೈ ಚಾಚಿದರು. "ವಿಶ್ವಾಸ ಇಡು. ಇವತ್ತಿನ ಪ್ರಾರ್ಥನೇಲಿ ಅವನ ಹೆಸರು ಹೇಳಿಸ್ತೀನಿ. ಏನು ಅವನ ಹೆಸರು?"

ಹನ್ನೊಂದು ವರ್ಷ.

ಮನೆಯಲ್ಲಿ ಗಂಡ ಗೋಡೆಗೆ ಒರಗಿ ಜ್ವರದಲ್ಲಿ ನಡುಗುತ್ತಿದ್ದ. "ಏನಂದ್ರೇ?"

"ಪ್ರಾರ್ಥನೆ ಮಾಡಿಸ್ತಾರಂತೆ."

"ನನ್ ಕಾಲಿಗೆ ಕಿವಿ ಇಲ್ವಲ್ಲೇ," ಎಂದು ನಕ್ಕ. ನಗುವಾಗ ಹಲ್ಲು ಕಟಕಟ ಎಂದವು.

"ಏಳು. ಕಾಲು ತೊಳೆಸ್ಕೊಂಡು ಬರೋಣ."

"ನಿಂಗೇನು ಹುಚ್ಚಾ?"

ಬೆನ್ನಿಗೇರಿಸಿಕೊಂಡೆ. ಹಸಿ ಚರ್ಮದ ಹೊರೆ ಹೊತ್ತು ಪಳಗಿದ ಬೆನ್ನು. ಅವನು ಅದಕ್ಕಿಂತ ಹಗುರವಾಗಿದ್ದ.

ಪ್ರಾರ್ಥನಾ ಕೋಣೆಯಲ್ಲಿ ಪಾದ್ರಿಗಳು ಮೆಲ್ಲನೆ ಓದುತ್ತಿದ್ದರು. ದಣಿ ಗಡಿಯಾರ, ಉಂಗುರ, ಕಾರಿನ ಕೀಲಿ ಬಿಚ್ಚಿ ಬೈಬಲಿನ ಪಕ್ಕ ಇಟ್ಟು, ಸೊಂಟಕ್ಕೆ ಬಿಳಿ ಟವಲು ಕಟ್ಟಿದ್ದರು. ಹನ್ನೊಂದು ಜನ ಮುಗಿದಿದ್ದರು. ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಹನ್ನೆರಡನೆಯವನು, ದಣಿಯ ಕಾರಿನ ಡ್ರೈವರ್. ಅವನ ಒಂದು ಕಾಲು ತೊಳೆದು, ಒರೆಸಿ, ಮುತ್ತಿಟ್ಟಾಗಿತ್ತು. ನಾನು ಗಂಡನನ್ನು ಅವನ ಪಕ್ಕ ಕೂರಿಸಿ, ಕಾಲಿನ ಬಟ್ಟೆ ಬಿಚ್ಚಿ, ಅದನ್ನು ದಣಿಯ ಮುಂದಿದ್ದ ಬೋಗುಣಿಗೆ ಇಳಿಸಿದೆ.

ನೀರು ಕಪ್ಪಾಯಿತು. ವಾಸನೆ ಎದ್ದಿತು. ಅಲ್ಲಿಯವರೆಗೆ ಫೋಟೋ ತೆಗೆಯುತ್ತಿದ್ದವನು ಕ್ಯಾಮರಾ ಇಳಿಸಿದ.

"ಯಾರೋ ಈ ಬೋಸುಡಿನ ಒಳಗ್ ಬಿಟ್ಟಿದ್ದು! ಎಳೆದು ಹಾಕ್ರೋ ಆಚೆ!" ಮೇಸ್ತ್ರಿ ಕೂಗಿದ.

ದಣಿಯ ಕೈ ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ನಾನು ಕಾದೆ. ಆ ಕೈ ಹಿಂದಕ್ಕೆ ಹೋಯಿತು.

"ನೀರು ಬದಲಾಯಿಸ್ರೋ," ಎಂದರು ದಣಿ.

"ಇದೊಂದು ಮುಗೀಲಿ ತಾಯಿ, ಆಮೇಲೆ ನೋಡೋಣ," ಎಂದರು ಪಾದ್ರಿಗಳು, ಪುಟದ ಮೇಲಿನ ಬೆರಳು ತೆಗೆಯದೆ.

ನಾನೇ ಮಂಡಿಯೂರಿದೆ. ಬೆರಳು ಬೆರಳಿನ ನಡುವೆ ತೊಳೆದೆ. ಸೆರಗಿನಿಂದ ಒರೆಸಿ, ಅದನ್ನೇ ಹರಿದು ಸುತ್ತಿದೆ. ಎದ್ದು ಹೋಗಿ ಬೈಬಲಿನ ಪಕ್ಕದ ಕೀಲಿ ಎತ್ತಿಕೊಂಡೆ.

"ಅದನ್ನ ಅಲ್ಲೇ ಇಡು," ಎಂದರು ದಣಿ. ದನಿ ಏರಿರಲಿಲ್ಲ.

ನಾನು ಕೀಲಿಯನ್ನು ಡ್ರೈವರ್ ಮುಂದೆ ಹಿಡಿದೆ. "ಅಣ್ಣಾ."

ಅವನು ನನ್ನನ್ನು ನೋಡಲಿಲ್ಲ. ಸೆರಗು ಸುತ್ತಿದ ಆ ಕಾಲನ್ನು ನೋಡಿದ. ಅವನಿಗೂ ಹೆಂಡತಿ, ಮೂರು ಮಕ್ಕಳು. ಇರುವುದು ದಣಿ ಕೊಟ್ಟ ಮನೆಯಲ್ಲಿ.

"ಎದ್ರೆ ನಾಳೆಯಿಂದ ನಿನ್ ಮುಖ ತೋರಿಸ್ಬೇಡ," ಎಂದರು ದಣಿ.

ಡ್ರೈವರ್ ಎದ್ದ. "ಒಂದು ಕಾಲು ತೊಳ್ದಿದ್ದೀರಲ್ಲ ದಣಿ, ಸಾಕು. ಇನ್ನೊಂದು ಬೇಡ." ಬಗ್ಗಿ ನನ್ನ ಗಂಡನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಗೇಟ್ ಹಾಕ್ರೋ!" ಎಂದು ಮೇಸ್ತ್ರಿ ಹಿಂದೆಯೇ ಓಡಿ ಬಂದ. ಸುಣ್ಣಕ್ಕೆ ರಜೆಯಿಲ್ಲ, ಗಲಾಟೆ ಕೇಳಿ ತೊಟ್ಟಿಯಿಂದ ಎದ್ದು ಬಂದ ಆರು ಜನ ತೆರೆದ ಗೇಟಿಗೆ, ಮುಚ್ಚಲು ಬಿಡದಂತೆ, ಬೆನ್ನು ಕೊಟ್ಟು ನಿಂತಿದ್ದರು, ಮೊಣಕಾಲವರೆಗೆ ಬೆಳ್ಳಗೆ. ಗೇಟು ಅಲುಗಲಿಲ್ಲ. ನಮ್ಮನ್ನು ಹತ್ತಿಸಿಕೊಂಡ ಕಾರು ದಾಟಿತು.

ಹೊಸ ಸೀಟಿನ ಮೇಲೆ ಕಪ್ಪು ನೀರು ಹರಡುತ್ತಿತ್ತು. ಕಾಲನ್ನು ಮಡಿಲಲ್ಲಿಟ್ಟುಕೊಂಡು ಗಂಡನನ್ನು ಕರೆದೆ. ಇನ್ನೊಮ್ಮೆ ಕರೆದೆ. ಡ್ರೈವರ್ ಹಿಂತಿರುಗಿ ನೋಡದೆ ಬರಿಗಾಲಿನಿಂದ ಆಕ್ಸಿಲರೇಟರ್ ಒತ್ತುತ್ತಲೇ ಇದ್ದ. ಅರವತ್ತು ಮೈಲಿಯಲ್ಲಿ ಮೊದಲನೆಯದು ಇನ್ನೂ ಮುಗಿದಿರಲಿಲ್ಲ.